ಹಕ್ಕಿ ಬಿಟ್ಟು ಕಾಲು ನೋಡಿದ ದಿನ

ಹಕ್ಕಿ ನೋಡೋಕೆ ಹೋಗಿ ಇಡೀ ದಿನ ಬರೀ ಕಾಲು ನೋಡಿ ಬಂದೆ. ಅದೂ ಕೆಸರು ಮೆತ್ತಿದ ಕಾಲುಗಳು.

ವಲಸೆ ಬರುವ ಕಡಲಂಚಿನ ಹಕ್ಕಿಗಳನ್ನು ಸಂಶೋಧಕರು ಬಲೆ ಹಾಕಿ ಹಿಡಿಯುತ್ತಾರೆ. ತೂಕ, ಅಳತೆ ಬರೆದುಕೊಂಡು, ಕಾಲಿಗೆ ಒಂದು ಲೋಹದ ಉಂಗುರ, ಒಂದು ಬಣ್ಣದ ಪ್ಲಾಸ್ಟಿಕ್ ಫ್ಲ್ಯಾಗ್ ತೊಡಿಸಿ ಬಿಡುತ್ತಾರೆ. ಉಂಗುರದ ನಂಬರು ಓದಬೇಕೆಂದರೆ ಸಾಮಾನ್ಯವಾಗಿ ಹಕ್ಕಿ ಮತ್ತೆ ಕೈಗೆ ಸಿಗಬೇಕು. ಫ್ಲ್ಯಾಗಿನ ಎರಡು ಮೂರು ಅಕ್ಷರಗಳನ್ನಾದರೆ ದೂರದಿಂದ ಸ್ಕೋಪಿನಲ್ಲೇ, ಅಂದರೆ ದೂರದರ್ಶಕದಲ್ಲೇ, ಓದಬಹುದು. ಓದೋಕೆ ಜನ ಬೇಕಲ್ಲ, ಅಲ್ಲಿ ನಮ್ಮಂಥ ಹವ್ಯಾಸಿಗಳಿಗೆ ಕೆಲಸ.

ಉಬ್ಬರ ಏರುವ ಹೊತ್ತಿಗೆ ಅಳಿವೆಯ ಪಕ್ಕ ಸ್ಕೋಪ್ ನಿಲ್ಲಿಸಿದೆವು. ನೀರು ಏರಿದಂತೆ ಕೆಸರು ಬಯಲು ಕಿರಿದಾಗಿ ಹಕ್ಕಿಗಳು ತಾವಾಗಿಯೇ ದಡದ ಹತ್ತಿರ ಬರುತ್ತವೆ. ನಾವು ಮುಂದೆ ಹೋಗುವ ಹಾಗಿಲ್ಲ. ಸಾವಿರಾರು ಕಿಲೋಮೀಟರ್ ಹಾರೋಕೆ ಮೈಯಲ್ಲಿ ಕೊಬ್ಬು ಕೂಡಿಡುತ್ತಿರುವ ಹಕ್ಕಿಯನ್ನು ಒಂದು ಅಕ್ಷರಕ್ಕಾಗಿ ಎಬ್ಬಿಸಿದರೆ ಅದೆಂಥ ಸಂರಕ್ಷಣೆ?

ತಂಡದ ಹಿರಿಯರು ನನ್ನ ಕೈಗೆ ಎಣಿಸುವ ಕ್ಲಿಕ್ಕರ್ ಕೊಟ್ಟು, "ನೀವು ಟರ್ನ್‌ಸ್ಟೋನ್ ನೋಡ್ಕೊಳ್ಳಿ. ಫ್ಲ್ಯಾಗ್ ಇಲ್ಲದ್ದನ್ನೂ ಎಣಿಸಿ" ಎಂದರು. ಟರ್ನ್‌ಸ್ಟೋನ್ ಅಂದರೆ ಕಲ್ಲು, ಪಾಚಿ ಮಗುಚಿ ಮೇಯುವ ಪುಟ್ಟ ಕಡಲಂಚಿನ ಹಕ್ಕಿ.

"ಇಲ್ಲದ್ದು ಯಾಕೆ ಸರ್?"

"ಗುರುತಿನ ಹಕ್ಕಿ 100 ಇವೆ ಅಂತ ಇಟ್ಕೊಳ್ಳಿ. ನೋಡಿದ ಪ್ರತಿ 50ರಲ್ಲಿ ಒಂದಕ್ಕೆ ಗುರುತಿದ್ದರೆ ಒಟ್ಟು ಎಷ್ಟಾಯ್ತು? ಸುಮಾರು 5000. ಬರೀ ಫ್ಲ್ಯಾಗ್ ಬರ್ಕೊಂಡು ಬಂದ್ರೆ ಈ ಲೆಕ್ಕ ಹುಟ್ಟೋದೇ ಇಲ್ಲ."

ಎರಡೂ ಕಾಲು ಕಂಡರೆ ಮಾತ್ರ ಒಂದು ಕ್ಲಿಕ್. ಕೇಳೋಕೆ ಸುಲಭ. ಆದರೆ ಈ ಹಕ್ಕಿಗಳು ನಿಂತರೆ ಒಂಟಿ ಕಾಲಲ್ಲೇ ನಿಲ್ಲೋದು! ಇನ್ನೊಂದು ಕಾಲು ಹೊಟ್ಟೆಯ ಗರಿಯೊಳಗೆ. ಕಾಯಬೇಕು. ಕಾಲು ಇಳಿಸುವ ಹೊತ್ತಿಗೆ ಸರಿಯಾಗಿ ಇನ್ನೊಂದು ಹಕ್ಕಿ ಅಡ್ಡ ಬರುತ್ತದೆ.

ಒಂದು ಟರ್ನ್‌ಸ್ಟೋನ್ ಮಾತ್ರ ನಿಲ್ಲದೆ ಪಾಚಿ ಮಗುಚುತ್ತಿತ್ತು. ಗಿಡ್ಡ ಕಿತ್ತಳೆ ಕಾಲು, ಅದರ ಮೇಲ್ಭಾಗದಲ್ಲಿ ಹಳದಿ ಫ್ಲ್ಯಾಗ್. ಕೊಕ್ಕನ್ನು ಪಾಚಿಯಡಿ ತೂರಿಸಿ ತಲೆಯಿಂದ ನೂಕುವಾಗ ಮೈ ಮುಂದಕ್ಕೆ ಬಾಗಿ ಫ್ಲ್ಯಾಗ್ ಪೂರ್ತಿ ಕಾಣುತ್ತಿತ್ತು, ನೆಟ್ಟಗಾದರೆ ಗರಿ ಅರ್ಧ ಮುಚ್ಚುತ್ತಿತ್ತು. ಬಿಸಿಲ ಝಳಕ್ಕೆ ಅಕ್ಷರಗಳು ಬೇರೆ ಕುಣಿಯುತ್ತಿದ್ದವು. ಮೊದಲನೆಯದು ಎಚ್. ಎರಡನೆಯದು ಇ ಅಂದೆ ನಾನು. ನನ್ನದನ್ನು ಕೇಳಿಸಿಕೊಳ್ಳದ ಹಾಗೆ ದೂರ ನಿಂತಿದ್ದ ಗೆಳತಿ ಎಫ್ ಅಂತ ಬರೆದಿದ್ದಳು. ಫೋಟೊ ತೆಗೆದರೆ ಅದರಲ್ಲಿ ಎರಡೂ ಕಾಣುತ್ತದೆ! ಹಿರಿಯರು ನಕ್ಕು, "ಸುಮ್ನೆ ಪ್ರಶ್ನೆ ಚಿಹ್ನೆ ಹಾಕಿ. ತಪ್ಪು ಅಕ್ಷರ ಬರೆದರೆ ಎಲ್ಲೋ ಸತ್ತಿರೋ ಹಕ್ಕಿ ಕಾಗದದ ಮೇಲೆ ಬದುಕಿಬಿಡತ್ತೆ" ಎಂದರು.

ಬಣ್ಣದ ಬಗ್ಗೆ ಅನುಮಾನವಿರಲಿಲ್ಲ. ಪೂರ್ವ ಏಷ್ಯಾ–ಆಸ್ಟ್ರೇಲಿಯಾ ವಲಸೆ ದಾರಿಯಲ್ಲಿ ಹಳದಿ ಎಂದರೆ ವಾಯವ್ಯ ಆಸ್ಟ್ರೇಲಿಯಾದಲ್ಲಿ ಗುರುತು ಹಾಕಿದ ಹಕ್ಕಿ. ಅಲ್ಲಿನ ರೋಬಕ್ ಕೊಲ್ಲಿಯಲ್ಲಿ ವರ್ಷಗಟ್ಟಲೆ ಕಾಲಿನ ಬಣ್ಣ ಓದಿದ್ದರಿಂದಲೇ ಒಂದು ಕೆಟ್ಟ ಸುದ್ದಿ ಬೇಗ ಗೊತ್ತಾಯಿತು. ಗ್ರೇಟ್ ನಾಟ್, ರೆಡ್ ನಾಟ್, ಬಾರ್‌ಟೇಲ್ಡ್ ಗಾಡ್‌ವಿಟ್, ಈ ಮೂರೂ ಜಾತಿಗಳು ಆಸ್ಟ್ರೇಲಿಯಾದಲ್ಲಿ ಇರುವಷ್ಟು ತಿಂಗಳು ಚೆನ್ನಾಗಿಯೇ ಬದುಕುತ್ತಿದ್ದವು. ಉತ್ತರಕ್ಕೆ ಹೋದವು ಮಾತ್ರ ಮೊದಲಿನಷ್ಟು ವಾಪಸ್ ಬರುತ್ತಿರಲಿಲ್ಲ. ಬೆರಳು ತೋರಿದ್ದು ಚೀನಾ, ಕೊರಿಯಾ ನಡುವಿನ ಹಳದಿ ಸಮುದ್ರದ ಕಡೆಗೆ. ದಾರಿ ಮಧ್ಯೆ ಇಳಿದು ಮೇಯುವ ಅಲ್ಲಿನ ಕೆಸರು ಬಯಲುಗಳನ್ನು ಮುಚ್ಚಿ ನೆಲ ಮಾಡಲಾಗುತ್ತಿತ್ತು. 2019ರಲ್ಲಿ ಚೀನಾ ಕಡೆಯ ತೀರದ ಒಂದಷ್ಟು ಭಾಗ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ತಡವಾಯ್ತು, ಆದರೂ ಆಯ್ತು.

ಸಂಶೋಧಕರಿಗೆ ವರದಿ ಕಳಿಸಿದ ಮೇಲೆ ನಮ್ಮ ಎಚ್ ಹಕ್ಕಿಯ ಜಾತಕ ಬರುತ್ತದೆಂದು ಆಸೆ ಇಟ್ಟುಕೊಂಡಿದ್ದೆ. ಅರ್ಧ ಓದಿದ ಫ್ಲ್ಯಾಗಿಗೆ ಜಾತಕ ಎಲ್ಲಿಂದ ಬರಬೇಕು? ಅವರಿಂದ ಬಂದ ಉತ್ತರದಲ್ಲಿ ಒಂದು ಧನ್ಯವಾದ, ಒಂದು ಪ್ರಶ್ನೆ: ಎರಡೂ ಕಾಲು ನೋಡಿದ ಟರ್ನ್‌ಸ್ಟೋನ್ ಒಟ್ಟು ಎಷ್ಟು?

112 ನೋಡಿದ್ದು, 3ಕ್ಕೆ ಫ್ಲ್ಯಾಗ್ ಇತ್ತು ಎಂದು ಅವತ್ತೇ ಬರೆದು ಕಳಿಸಿದೆ.