ಕಾಳಿಯ ಅಳಿವೆಗೆ ಕಾವಲಿದ್ದ ಸದಾಶಿವಗಡ

ಕಾರವಾರದಿಂದ ಗೋವೆಯತ್ತ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರಟವರು ಕೋಡಿಬಾಗದ ಬಳಿ ಕಾಳಿ ನದಿಯ ಸೇತುವೆ ದಾಟಿದೊಡನೆ ಎದುರಾಗುವ ಗುಡ್ಡವೇ ಸದಾಶಿವಗಡ. ಹೆದ್ದಾರಿಗಾಗಿ ಈ ಗುಡ್ಡವನ್ನೇ ಸೀಳಲಾಗಿದೆ. ವಾಹನದಲ್ಲಿ ಕುಳಿತವರಿಗೆ ಕಾಣುವುದು ಎರಡೂ ಬದಿಯ ಕಡಿದ ಬಂಡೆ ಮಾತ್ರ. ತಾವು ಕೋಟೆಯೊಂದರ ನಡುವೆ ಹಾದುಹೋಗುತ್ತಿದ್ದೇವೆಂದು ಹೆಚ್ಚಿನವರಿಗೆ ತಿಳಿಯುವುದೇ ಇಲ್ಲ.

ಮೇಲೆ ಹತ್ತಿ ನಿಂತಾಗ ಈ ಜಾಗವನ್ನು ಆರಿಸಿಕೊಂಡವರ ಜಾಣ್ಮೆ ಅರ್ಥವಾಯಿತು. ಜೋಯಿಡಾದ ಕಾಡಿನಲ್ಲಿ ಹುಟ್ಟಿ, ಸೂಪಾ, ಕೊಡಸಳ್ಳಿ, ಕದ್ರಾಗಳಲ್ಲಿ ಅಣೆಕಟ್ಟುಗಳಿಗೆ ತಡೆದು ನಿಂತು ಬರುವ ಕಾಳಿ, ಇಲ್ಲಿ ಅಗಲವಾಗಿ ಹರಡಿಕೊಂಡು ಅರಬ್ಬಿ ಸಮುದ್ರವನ್ನು ಸೇರುತ್ತದೆ. ದಕ್ಷಿಣ ದಡದಲ್ಲಿ ಕೋಡಿಬಾಗ, ಅದರಾಚೆ ಕಾರವಾರ, ಕಡಲಿನಲ್ಲಿ ಕೂರ್ಮಗಡ ದ್ವೀಪ. ಸಮುದ್ರದಿಂದ ನದಿಯೊಳಗೆ ಬರುವ ಯಾವ ಹಡಗೂ ಈ ಗುಡ್ಡದ ಕಣ್ಣು ತಪ್ಪಿಸಿಕೊಳ್ಳುವಂತಿರಲಿಲ್ಲ. ನದಿಯ ಮೇಲ್ಭಾಗದ ಕಡವಾಡದಲ್ಲಿ 17ನೇ ಶತಮಾನದಲ್ಲೇ ಇಂಗ್ಲಿಷರು ಕೋಠಿ ತೆರೆದು, ಘಟ್ಟದ ಕಾಳುಮೆಣಸನ್ನೂ ಹುಬ್ಬಳ್ಳಿ ಕಡೆಯ ಬಟ್ಟೆಯನ್ನೂ ಕೊಳ್ಳುತ್ತಿದ್ದರು. ಅಂಥ ವ್ಯಾಪಾರದ ಬಾಗಿಲು ಈ ಅಳಿವೆಯಾಗಿದ್ದುದರಿಂದ, ಗುಡ್ಡ ಯಾರ ಕೈಯಲ್ಲಿತ್ತೋ ಬಾಗಿಲೂ ಅವರದೇ ಆಗಿತ್ತು.

ಶಿವಾಜಿಯ ಹೆಸರನ್ನು ಈ ಕೋಟೆಯೊಂದಿಗೆ ಸೇರಿಸಿ ಹೇಳುವವರಿದ್ದಾರೆ. ಆದರೆ ಇದನ್ನು ಕಟ್ಟಿಸಿದವನು ಸೋದೆಯ ಅರಸ ಬಸವಲಿಂಗ. ತಂದೆ ಸದಾಶಿವ ನಾಯಕನ ಹೆಸರನ್ನು ಕೋಟೆಗೆ ಇಟ್ಟ. ಸೋದೆ ಇರುವುದು ಘಟ್ಟದ ಮೇಲೆ, ಶಿರಸಿಯ ಹತ್ತಿರ. ಮಲೆನಾಡಿನ ಒಂದು ಸಣ್ಣ ಅರಸುಮನೆತನ ಕಡಲ ತೀರದವರೆಗೆ ಕೈಚಾಚಿ ಇಂಥ ಆಯಕಟ್ಟಿನ ನೆಲೆಯನ್ನು ಭದ್ರಪಡಿಸಿಕೊಂಡಿದ್ದು ನನಗೆ ದೊಡ್ಡ ಸಂಗತಿಯಾಗಿ ತೋರುತ್ತದೆ. ಆ ಶ್ರೇಯಸ್ಸು ಅವರಿಗೇ ಸಲ್ಲಬೇಕು. 1752ರಲ್ಲಿ ಪೋರ್ಚುಗೀಸರು ಕೋಟೆಯನ್ನು ವಶಪಡಿಸಿಕೊಂಡರು. ಮುಂದೆ ಅದು ಹೈದರಾಲಿಯ ಕಾಲದಲ್ಲಿ ಮೈಸೂರಿನ ಪಾಲಾಗಿ, ಕೊನೆಗೆ ಇಂಗ್ಲಿಷರ ಆಳ್ವಿಕೆಗೆ ಸೇರಿತು.

ಈಗ ಉಳಿದಿರುವುದು ಕುಸಿದ ಗೋಡೆಗಳು, ಗಿಡಗಂಟಿಗಳ ನಡುವೆ ಅಲ್ಲಲ್ಲಿ ಕಾಣುವ ಕಲ್ಲಿನ ಕಟ್ಟು. ದುರ್ಗಾದೇವಿಯ ಗುಡಿಯಲ್ಲಿ ಮಾತ್ರ ಪೂಜೆ ನಡೆಯುತ್ತಿದೆ. ಕೋಟೆಯ ಇತಿಹಾಸವನ್ನು ಬಂದವರಿಗೆ ಸರಿಯಾಗಿ ತಿಳಿಸುವ ವ್ಯವಸ್ಥೆ ಇಲ್ಲಿ ತುರ್ತಾಗಿ ಆಗಬೇಕಾಗಿದೆ.

ಮೇಲಿನಿಂದ ಸೇತುವೆಯ ಕಡೆ ನೋಡುವಾಗ 2024ರ ಆಗಸ್ಟ್ 7ರ ನಸುಕು ನೆನಪಾಗದಿರದು. ಅಂದು ಹಳೆಯ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿದ್ದಿತ್ತು. ಚಾಲಕನನ್ನು ಜೀವಂತವಾಗಿ ಮೇಲೆತ್ತಲಾಯಿತು.

ಸಮಯವಿದ್ದವರು ಗುಡ್ಡ ಇಳಿದ ಬಳಿಕ ದೋಣಿಯಲ್ಲಿ ಹೊಳೆಗೂ ಹೋಗಬೇಕು. 1880ರ ದಶಕದಲ್ಲಿ, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ತರುಣ ರವೀಂದ್ರನಾಥ ಠಾಕೂರರು ಇದೇ ಕಾಳಿಯಲ್ಲಿ ಬೆಳದಿಂಗಳ ದೋಣಿವಿಹಾರ ಮಾಡಿದ್ದರು. ನೀರಿನ ಮಟ್ಟದಿಂದ ನೋಡಿದರೆ, ಹೆದ್ದಾರಿಯಿಂದ ಸಾಧಾರಣವಾಗಿ ಕಾಣುವ ಗುಡ್ಡದ ನಿಜವಾದ ಎತ್ತರ ತಿಳಿಯುತ್ತದೆ. ಹಡಗಿನವರು ಅದಕ್ಕೆ ಏಕೆ ಅಂಜುತ್ತಿದ್ದರೆಂಬುದೂ ಮನದಟ್ಟಾಗುತ್ತದೆ.