ಕುಂಕುಮದ ಹುರಿ, ಕಂಬಳಿಯ ನೂಲು

ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಕಳೆದ ವರ್ಷಗಳನ್ನು ನೆನೆದಾಗಲೆಲ್ಲ, ಕಲಾ ಇತಿಹಾಸದ ತರಗತಿಯಲ್ಲಿ ಗುರುಗಳು ಶೀಲಾ ಗೌಡರ ಕೃತಿಗಳನ್ನು ಪರದೆಯ ಮೇಲೆ ತೋರಿಸಿದ ಮಧ್ಯಾಹ್ನ ಮೊದಲು ಕಣ್ಮುಂದೆ ಬರುತ್ತದೆ. 1957ರಲ್ಲಿ ನಮ್ಮ ನೆರೆಯ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆಯಿಂದ ಶಾಂತಿನಿಕೇತನಕ್ಕೂ ಅಲ್ಲಿಂದ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗೂ ಹೋಗಿ ಚಿತ್ರಕಲೆಯನ್ನೇ ಅಭ್ಯಾಸ ಮಾಡಿದ ಅವರು, 1990ರ ದಶಕದಲ್ಲಿ ಸಗಣಿಯನ್ನು ಮಾಧ್ಯಮವಾಗಿ ಕೈಗೆತ್ತಿಕೊಂಡರೆಂಬುದು ನಮಗೆಲ್ಲ ಹೊಸ ಸಂಗತಿಯಾಗಿತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರು 1998ರಲ್ಲಿ ರಚಿಸಿದ ‘ಆಂಡ್ ಟೆಲ್ ಹಿಮ್ ಆಫ್ ಮೈ ಪೇನ್’. ಬಹು ಉದ್ದದ ದಾರಗಳನ್ನು ಒಂದೊಂದಾಗಿ ಸೂಜಿಯ ಕಣ್ಣಿನಲ್ಲಿ ಎಳೆದು, ಒಟ್ಟುಗೂಡಿಸಿ, ಕುಂಕುಮ ಬೆರೆತ ಅಂಟನ್ನು ಸವರಿ ಹುರಿ ಮಾಡಿದ್ದಾರೆ. ಕೆಂಪು ಹುರಿ ಗೋಡೆಯಿಂದಿಳಿದು ನೆಲದ ಮೇಲೆ ಸುತ್ತಿ ಸುಳಿಯುತ್ತದೆ, ತುದಿಯಲ್ಲಿ ಸೂಜಿಗಳು ಗೊಂಚಲಾಗಿ ತೂಗುತ್ತವೆ. ದೂರದಿಂದ ಅದು ಗಾಳಿಯಲ್ಲಿ ಎಳೆದ ರೇಖೆ. ಹತ್ತಿರ ಹೋದಂತೆ ಹೆಂಗಸರ ಕೈಗೆಲಸ, ಹಣೆಯ ಕುಂಕುಮ, ಚುಚ್ಚುವ ಮೊನೆ ಎಲ್ಲವೂ ಅದರೊಳಗೇ ಇವೆ. ಕಲಾವಿದೆ ಅರ್ಥವನ್ನು ಹೊರಗಿನಿಂದ ತಂದು ಹೇರಬೇಕಾಗಿರಲಿಲ್ಲ, ಸಾಮಗ್ರಿಯೇ ಅದನ್ನು ಹೊತ್ತು ಬಂದಿತ್ತು.

ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನವಾದ ಬಿನಾಲೆ 2009ರಲ್ಲಿ ವೆನಿಸ್‌ನಲ್ಲಿ ನಡೆದಾಗ ಅಲ್ಲಿದ್ದ ‘ಬಿಹೋಲ್ಡ್’ ಕೃತಿಯಲ್ಲಿ ಸುಮಾರು 4 ಕಿಲೋಮೀಟರ್ ಉದ್ದದ ಕೂದಲಿನ ಹಗ್ಗ ಕಾರುಗಳ ಬಂಪರುಗಳನ್ನು ಎತ್ತಿ ಹಿಡಿದಿತ್ತು. ದೇವರಿಗೆ ಮುಡಿ ಕೊಟ್ಟ ಕೂದಲು ಹಗ್ಗವಾಗಿ, ದೃಷ್ಟಿ ತಾಗದಿರಲೆಂದು ವಾಹನದ ಬಂಪರಿಗೆ ಕಟ್ಟಲ್ಪಡುವ ಪದ್ಧತಿ ನಮಗೆ ಹೊಸದೇನಲ್ಲ. ಪಿ.ಬಿ. ರಸ್ತೆಯ ಲಾರಿಗಳಲ್ಲಿ ಅದನ್ನು ದಿನವೂ ನೋಡುತ್ತಿದ್ದೆವು. ಘಾನಾದಲ್ಲಿ ಹುಟ್ಟಿ ನೈಜೀರಿಯಾದಲ್ಲಿ ನೆಲೆಸಿದ ಎಲ್ ಅನಾಟ್ಸುಯಿ ಮದ್ಯದ ಬಾಟಲಿಗಳ ಮುಚ್ಚಳಗಳನ್ನು ತಟ್ಟಿ, ತಾಮ್ರದ ತಂತಿಯಿಂದ ಹೆಣೆಯುವುದನ್ನೂ, ಮೈಸೂರಿನ ಎನ್.ಎಸ್. ಹರ್ಷ ಹೊಲಿಗೆ ಯಂತ್ರಗಳಿಗೆ ದೇಶದೇಶಗಳ ಬಾವುಟಗಳನ್ನು ಜೋಡಿಸಿದ್ದನ್ನೂ ಅದೇ ವರ್ಷ ತಿಳಿದುಕೊಂಡೆ. 2012ರಲ್ಲಿ ಕೊಚ್ಚಿಯ ಮೊದಲ ಬಿನಾಲೆಗೆ ಸಹಪಾಠಿಗಳೊಡನೆ ಹೋದಾಗ, ಶೀಲಾ ಗೌಡ ಮತ್ತು ಸ್ವಿಸ್ ಕಲಾವಿದ ಕ್ರಿಸ್ಟೋಫ್ ಸ್ಟೋರ್ಜ್ ಅವರು ಬೆಂಗಳೂರಿನ ಮನೆಗಳಿಂದ ಹೊರಬಿದ್ದ ರುಬ್ಬುವ ಕಲ್ಲುಗಳನ್ನು ಅಲ್ಲಿ ತಂದಿಟ್ಟಿದ್ದರು. ಛಾಯಾಚಿತ್ರದಲ್ಲಿ ಎಷ್ಟು ನೋಡಿದರೂ ಆ ಕಲ್ಲುಗಳ ಭಾರ ತಿಳಿಯದು; ನಡುವೆ ನಡೆದಾಡಿದಾಗಲೇ ತಿಳಿಯುವುದು. ಹೀಗೆ ವಸ್ತುಗಳನ್ನು ಒಂದು ಜಾಗದಲ್ಲಿ ಜೋಡಿಸಿ ರೂಪಿಸುವ ಪ್ರತಿಷ್ಠಾಪನಾ ಕಲೆಯನ್ನು ಪುಸ್ತಕದಿಂದಷ್ಟೇ ಕಲಿಸಲಾಗದು ಎಂದು ನಾನು ಇಂದಿಗೂ ವಾದಿಸುತ್ತೇನೆ.

ಅಂತಿಮ ವರ್ಷದ ಕೃತಿಗೆ ಚಳ್ಳಕೆರೆ ಕಡೆಯ ಕಂಬಳಿಯ ನೂಲನ್ನು ಆರಿಸಿಕೊಂಡೆ. “ಇದು ಉಣ್ಣೆಯೇ ಯಾಕಾಗಬೇಕು, ಹತ್ತಿ ಯಾಕಾಗಬಾರದು?” ಎಂದು ಗುರುಗಳು ಕೇಳಿದರು. ಹತ್ತಿ ಗಿರಣಿಗಳ ಊರಿನಲ್ಲಿ ಅದು ನ್ಯಾಯವಾದ ಪ್ರಶ್ನೆ. ಉತ್ತರ ಹುಡುಕಿಕೊಂಡು ನೇಕಾರರ ಮನೆಗೆ ಹೋದೆ. ಹುಣಸೆ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ ಕುದಿಸಿದ ಗಂಜಿಯನ್ನು, ಬೀದಿಯುದ್ದಕ್ಕೂ ಎಳೆದು ಕಟ್ಟಿದ ಹಾಸಿನ ಎಳೆಗಳಿಗೆ ಬಳಿಯುತ್ತಿದ್ದರು. ಮೆತ್ತಗಿದ್ದ ನೂಲು ಒಣಗಿದಂತೆ ಬಿಗಿಯಾಯಿತು. “ಗಂಜಿ ಕುಡಿಸದಿದ್ದರೆ ಮಗ್ಗದ ಏಟಿಗೆ ಇದು ತಡೆಯಲ್ಲಪ್ಪ” ಎಂದು ಅಲ್ಲಿನ ಅಜ್ಜಿ ಹೇಳಿದರು. ಕಾಲೇಜಿನ ಮೊಗಸಾಲೆಯಲ್ಲಿ ಅರ್ಧ ಎಳೆಗಳಿಗೆ ಗಂಜಿ ಬಳಿದು, ಉಳಿದರ್ಧವನ್ನು ಹಾಗೆಯೇ ಬಿಟ್ಟು ತೂಗುಹಾಕಿದೆ. ಒಂದು ಪಾಲು ನೆಟ್ಟಗೆ ನಿಂತಿತು, ಇನ್ನೊಂದು ನೆಲಕ್ಕೆ ಇಳಿಬಿದ್ದಿತು. ನೋಡಲು ಬಂದ ಕುರಿಗಾರರೊಬ್ಬರು ಎಳೆಯನ್ನು ಬೆರಳಲ್ಲಿ ಹೊಸೆದು, ಅದು ಯಾವ ಕಾಲದಲ್ಲಿ ಕತ್ತರಿಸಿದ ಉಣ್ಣೆಯೆಂದು ವಿಚಾರಿಸತೊಡಗಿದರು.