ನಡುರಾತ್ರಿ ಎದ್ದು ಅಳುವ ಮಗು: ಕೆಲಸ ಇರುವುದು ಸಂಜೆ ಎಂಟಕ್ಕೆ

ಒಂದೂವರೆ, ಎರಡು ವರ್ಷದ ಮಗುವಿಗೆ ರಾತ್ರಿ ಎರಡು ಮೂರು ಸಲ ಎಚ್ಚರವಾಗುವುದು ಕಾಯಿಲೆಯಲ್ಲ. ನಮಗೂ ಆಗುತ್ತದೆ, ಮಗ್ಗುಲು ಬದಲಿಸಿ ಮತ್ತೆ ನಿದ್ದೆಹೋಗುತ್ತೇವೆ. ತೊಡೆಯ ಮೇಲೆ ತೂಗಿಸಿಕೊಂಡು ಮಲಗಿದ ಮಗು ಎರಡು ಗಂಟೆಗೆ ಕಣ್ಣು ಬಿಟ್ಟರೆ ತೊಡೆಯೂ ಇಲ್ಲ, ತೂಗುವವರೂ ಇಲ್ಲ. ಅದಕ್ಕೇ ಆ ಅಳು.

ತೂಗದೆಯೇ ನಿದ್ದೆಹೋಗುವುದನ್ನು ಸಂಜೆ ಎಂಟಕ್ಕೆ ಮಲಗಿಸುವಾಗಲೇ ಕಲಿಸಬೇಕು. ಊಟ, ಹಲ್ಲುಜ್ಜುವುದು, ಮಂದ ದೀಪದಲ್ಲಿ ಒಂದು ಕಥೆ, ದಿನವೂ ಇದೇ ಕ್ರಮ ಇರಲಿ. ಕಣ್ಣು ಎಳೆಯುತ್ತಿರುವಾಗಲೇ, ಪೂರ್ತಿ ನಿದ್ದೆ ಹತ್ತುವ ಮೊದಲೇ ಹಾಸಿಗೆಗೆ ಹಾಕಿ ಬೆನ್ನು ತಟ್ಟಿ. ಮೂರ್ನಾಲ್ಕು ರಾತ್ರಿ ಕಳೆದ ಮೇಲೆ ತಟ್ಟದೆ ಬರೀ ಕೈ ಇಟ್ಟಿರಿ, ಆಮೇಲೆ ಪಕ್ಕದಲ್ಲಿ ಸುಮ್ಮನೆ ಮಲಗಿರಿ. ಇದಕ್ಕೆ ಬೇರೆ ಕೋಣೆ ಬೇಕಿಲ್ಲ. ನಡುರಾತ್ರಿ ಎದ್ದಾಗಲೂ ಅಷ್ಟೇ: ದೀಪ ಹಾಕಬೇಡಿ, ಮಾತು ಬೆಳೆಸಬೇಡಿ. ಸಾಮಾನ್ಯವಾಗಿ ಕೆಡುವುದು ಮೂರನೇ ದಿನ. ಅಳು ಕೇಳಲಾರದೆ ಅಜ್ಜಿ ಎತ್ತಿಕೊಂಡು ತೂಗುತ್ತಾರೆ. ಇನ್ನಷ್ಟು ಅತ್ತರೆ ಎತ್ತಿಕೊಳ್ಳುತ್ತಾರೆ ಎಂದು ಮಗು ಕಲಿಯುತ್ತದೆ. ಅಜ್ಜಿಯ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಬಾಟಲಿ ಹಾಲಿನ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ವರ್ಷ ತುಂಬಿ ತೂಕ ಸರಿಯಾಗಿ ಏರುತ್ತಿರುವ ಮಗುವಿಗೆ ನಡುರಾತ್ರಿ ಹಾಲು ಬೇಕಿಲ್ಲ. ಅದು ಹಲ್ಲಿನ ಮೇಲೆ ನಿಂತು ಹುಳುಕು ಹಿಡಿಯುತ್ತದೆ, ಬೆಳಗಿನ ಹಸಿವನ್ನೂ ಕೊಲ್ಲುತ್ತದೆ. ಊಟ ಕಡಿಮೆಯಾಗಿ ಕಬ್ಬಿಣಾಂಶ ಇಳಿದರೆ ನಿದ್ದೆಯಲ್ಲಿ ಚಡಪಡಿಕೆ ಹೆಚ್ಚುತ್ತದೆ. ಇಡೀ ದಿನಕ್ಕೆ 400–500 ಮಿಲಿ ಹಾಲು ಸಾಕು. ರಾತ್ರಿ 180 ಮಿಲಿ ಕುಡಿಯುತ್ತಿದ್ದರೆ ಎರಡು ದಿನಕ್ಕೊಮ್ಮೆ 30 ಮಿಲಿ ಇಳಿಸಿ, 60ಕ್ಕೆ ಬಂದಾಗ ಪೂರ್ತಿ ನಿಲ್ಲಿಸಿ. ಎದೆಹಾಲನ್ನು ಎರಡು ವರ್ಷ, ಅದಕ್ಕೂ ಆಚೆ ಕೊಡಬಹುದು. ಮಲಗುವಾಗಿನ ಹಾಲನ್ನು ಹಲ್ಲುಜ್ಜುವುದಕ್ಕಿಂತ ಮುಂಚೆ ಕೊಟ್ಟು ಮುಗಿಸಿ.

ಮಧ್ಯಾಹ್ನದ ನಿದ್ದೆ ಮೂರೂವರೆಯೊಳಗೆ ಮುಗಿಯಲಿ. ಪೂರ್ತಿ ತಪ್ಪಿಸಬೇಡಿ, ದಣಿದ ಮಗು ಇನ್ನೂ ಹೆಚ್ಚು ಏಳುತ್ತದೆ.

ಮಲಗಿದ ಒಂದೆರಡು ಗಂಟೆಯಲ್ಲೇ ಕಣ್ಣು ಬಿಟ್ಟುಕೊಂಡು ಚೀರುತ್ತಾ, ಅಮ್ಮನನ್ನೂ ಗುರುತಿಸದಿದ್ದರೆ ಆ ಮಗು ಎದ್ದಿಲ್ಲ, ನಿದ್ದೆಯಲ್ಲೇ ಇದೆ. ಅಲುಗಾಡಿಸಬೇಡಿ, ಮುಖಕ್ಕೆ ನೀರು ಹಾಕಬೇಡಿ. ಬೀಳದಂತೆ ನೋಡಿಕೊಂಡರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತಾನಾಗಿ ಇಳಿಯುತ್ತದೆ. ಬಾಯಿ ತೆರೆದು ದಿನವೂ ಗೊರಕೆ ಹೊಡೆಯುತ್ತಿದ್ದರೆ, ನಡುವೆ ಉಸಿರು ನಿಂತಂತಾದರೆ ಡಾಕ್ಟರಿಗೆ ತೋರಿಸಿ.

ಕುಂಡೆ ಕೆರೆದುಕೊಳ್ಳುತ್ತಾ ಏಳುವ ಮಗುವಿಗೆ, ನಿದ್ದೆ ಹತ್ತಿದ ಎರಡು ಮೂರು ಗಂಟೆಯ ಮೇಲೆ ಚಡ್ಡಿ ಸರಿಸಿ ಟಾರ್ಚ್ ಹಿಡಿದು ನೋಡಿ. ಬಿಳಿ ದಾರದ ತುಣುಕಿನಂಥವು ಮಿಸುಕಾಡುತ್ತಿದ್ದರೆ ಅದು ಜಂತುಹುಳು. ಹೆಣ್ಣುಹುಳು ಮೊಟ್ಟೆಯಿಡಲು ಹೊರಬರುವುದು ರಾತ್ರಿಯೇ. ಔಷಧಿಯ ಪ್ರಮಾಣವನ್ನು ಡಾಕ್ಟರೇ ಹೇಳಲಿ. ಸಾಮಾನ್ಯವಾಗಿ ಮನೆಮಂದಿಗೆಲ್ಲ ಕೊಟ್ಟು, ಎರಡು ವಾರಕ್ಕೆ ಇನ್ನೊಮ್ಮೆ ಕೊಡುತ್ತಾರೆ. ಔಷಧಿ ಕೊಟ್ಟ ಮರುದಿನ ಬೆಳಿಗ್ಗೆಯೇ ಉಗುರು ಕತ್ತರಿಸಿ, ಹೊದಿಕೆಗಳನ್ನು ಕೊಡವದೆ ಹಾಗೇ ಮಡಚಿ ಬಿಸಿನೀರಿಗೆ ಹಾಕಿ. ಕೊಡವಿದರೆ ಮೊಟ್ಟೆ ಕೋಣೆಯೆಲ್ಲ ಹರಡುತ್ತದೆ.